ನೀರು ಬಂತು, ಬಸಿದು ಹೋಗಲು ದಾರಿ ಇರಲಿಲ್ಲ: ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು

ಭೂಮಿ ಹಾಳಾಗಿದೆ ಅಂದ ಕೂಡಲೇ ನಮಗೆ ನೆನಪಾಗುವುದು ಬರ. ಬಿರುಕು ಬಿಟ್ಟ ಕೆರೆಯಂಗಳ, ಒಣಗಿದ ಬಾವಿ, ಗಾಳಿಗೆ ಹಾರುವ ಮಣ್ಣು. ಇವತ್ತು ನಾನು ಹೇಳಹೊರಟಿರುವುದು ನೀರು ಜಾಸ್ತಿಯಾಗಿ ಹಾಳಾದ ಭೂಮಿಯ ಕಥೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಮಾನ್ವಿ. ಭತ್ತದ ಕಣಜ ಅಂತ ನಾವು ಕರೆಯುವ ಸೀಮೆ. ಅಲ್ಲಿಂದ ಬಂದವರು ಈ ಸಭೆಯಲ್ಲಿ ಇದ್ದೀರಿ. ಆ ಅಕ್ಕಿ ಉಂಡು ಬೆಳೆದ ಬೆಂಗಳೂರಿನವರೂ ಇದ್ದೀರಿ. ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ.

ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಈ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೇನೆ. ಎರಡರಲ್ಲೂ ಮಳೆನೀರಿದೆ. ಬೋರ್‌ವೆಲ್ ನೀರು ಹಾಕಿಲ್ಲ, ಯಾಕೆಂದರೆ ಅದರಲ್ಲಿರುವ ಸುಣ್ಣ, ಉಪ್ಪು ಮಣ್ಣನ್ನು ಹಿಡಿದಿಟ್ಟು ಪರೀಕ್ಷೆಯನ್ನೇ ಕೆಡಿಸುತ್ತದೆ. ನನ್ನ ಕೈಯಲ್ಲಿ ಎರಡು ಮಣ್ಣಿನ ಹೆಂಟೆ ಇವೆ. ಎರಡೂ ಎರೆ ಮಣ್ಣು, ಒಂದೇ ಊರಿನವು. ಒಂದು ಚೆನ್ನಾಗಿ ಬೆಳೆ ಬರುವ ಹೊಲದ್ದು. ಇನ್ನೊಂದು ಎಷ್ಟೋ ವರ್ಷದಿಂದ ಬೀಳು ಬಿದ್ದ ಹೊಲದ್ದು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎರಡನ್ನೂ ನೀರಿಗೆ ಬಿಡುತ್ತೇನೆ. ಕಲಕುವುದು ಬೇಡ. ಹಾಗೇ ಇರಲಿ, ಆಮೇಲೆ ನೋಡೋಣ.

ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ 2021ರಲ್ಲಿ ದೇಶದ ಭೂಮಿಯ ಸ್ಥಿತಿಯ ಬಗ್ಗೆ ಒಂದು ನಕಾಶೆ ಪುಸ್ತಕ ತಂದಿತು. ಅದರ ಪ್ರಕಾರ 2018-19ರಲ್ಲಿ ಭಾರತದ 9.78 ಕೋಟಿ ಹೆಕ್ಟೇರ್ ಭೂಮಿ, ಅಂದರೆ ಒಟ್ಟು ನೆಲದ ಶೇ. 29.77ರಷ್ಟು, ಒಂದಲ್ಲ ಒಂದು ರೀತಿಯಲ್ಲಿ ಸತ್ವ ಕಳೆದುಕೊಂಡಿದೆ. ಕರ್ನಾಟಕದಲ್ಲಿ ಈ ಪಾಲು ಮೂರನೇ ಒಂದಕ್ಕಿಂತ ಜಾಸ್ತಿ. ಇದರಲ್ಲಿ ದೊಡ್ಡ ಪಾಲು ಮಳೆನೀರಿಗೆ ಕೊಚ್ಚಿಹೋಗುವ ಮಣ್ಣಿನದು. ಸವಳು-ಜವಳಿನದು, ಅಂದರೆ ಉಪ್ಪೇರಿ, ನೀರು ನಿಂತು ಕೆಟ್ಟ ನೆಲದ್ದು, ಸಣ್ಣ ಪಾಲು. ಹಾಗಿದ್ದರೂ ನಾನು ಅದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಕೊಚ್ಚಿಹೋದ ಗುಡ್ಡದ ಮಣ್ಣಿಗೆ ಮಳೆ ಕಾರಣ, ಕಾಡು ಕಡಿದವರು ಕಾರಣ ಅಂತ ಹೇಳಬಹುದು. ಇಲ್ಲಿ ಹಾಗಲ್ಲ. ಇದು ನಾವು ಸಾರ್ವಜನಿಕರ ದುಡ್ಡು ಹಾಕಿ, ಕಾಲುವೆ ತೋಡಿ, ಒಳ್ಳೆಯ ಮನಸ್ಸಿನಿಂದಲೇ ನೀರು ತಂದು ಕೆಡಿಸಿಕೊಂಡ ಭೂಮಿ. ಅದೂ ಒಳ್ಳೆಯ ಎರೆ ಭೂಮಿ.

ತುಂಗಭದ್ರಾ ಯೋಜನೆಯ ಅಚ್ಚುಕಟ್ಟು, ಅಂದರೆ ಕಾಲುವೆ ನೀರು ಸಿಗುವ ಪ್ರದೇಶ, ಕರ್ನಾಟಕದಲ್ಲಿ ಸುಮಾರು 3.63 ಲಕ್ಷ ಹೆಕ್ಟೇರ್. ಅದರಲ್ಲಿ ಸವಳು-ಜವಳಿಗೆ ಸಿಕ್ಕಿದ್ದು ಸುಮಾರು 96 ಸಾವಿರ ಹೆಕ್ಟೇರ್ ಅನ್ನುವ ಲೆಕ್ಕ ಆ ಭಾಗದ ಸಂಶೋಧಕರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಾಲ್ಕು ಎಕರೆ ಇದ್ದವನಿಗೆ ಒಂದು ಎಕರೆ ಹೋಯಿತು ಅಂದ ಹಾಗಾಯಿತು. ಆದರೆ ಹೊಲ ಹಾಳಾಗುವುದು ಹಾಗೆ ಸಮನಾಗಿ ಹಂಚಿಕೊಂಡಲ್ಲ. ಒಬ್ಬನ ನಾಲ್ಕೂ ಎಕರೆ ಹೋಗಿರುತ್ತದೆ, ಮೇಲಿನ ಹೊಲದವನಿಗೆ ಏನೂ ಆಗಿರುವುದಿಲ್ಲ.

ಈ ಯೋಜನೆ ಯಾಕೆ ಬಂತು ಅನ್ನುವುದನ್ನು ಮರೆಯಬಾರದು. 1876-78ರ ಮಹಾಕ್ಷಾಮದಲ್ಲಿ ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಜನ ಹಸಿವಿನಿಂದ ಸತ್ತರು. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕು ಅನ್ನುವ ಯೋಚನೆ ಅದಕ್ಕೂ ಹಳೆಯದು, ಬ್ರಿಟಿಷ್ ಎಂಜಿನಿಯರ್ ಸರ್ ಆರ್ಥರ್ ಕಾಟನ್ 1860ರಲ್ಲೇ ಹೇಳಿದ್ದು. ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳ ನಡುವೆ ಮಾತುಕತೆ ಎಳೆದಾಡಿ ಎಳೆದಾಡಿ, 1945ರಲ್ಲಿ ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಆ ನೀರು ಬಂದ ದಿನ ಅಲ್ಲಿನ ಹಿರಿಯರು ಪಟ್ಟ ಸಂತೋಷ ಸುಳ್ಳಲ್ಲ. ಬರ ಕಂಡವರಿಗೇ ಗೊತ್ತು ಅದರ ಬೆಲೆ. ನಾನು ಅಣೆಕಟ್ಟು ಕಟ್ಟಿದ್ದೇ ತಪ್ಪು ಅಂತ ಹೇಳಲು ಬಂದಿಲ್ಲ.

ಆಗ ಎಂಜಿನಿಯರುಗಳು ಹಾಕಿದ ಲೆಕ್ಕ ಏನು? ಸ್ವಲ್ಪ ನೀರನ್ನು ಜಾಸ್ತಿ ಜನಕ್ಕೆ ಹಂಚುವುದು. ಬರ ಬಂದರೂ ಬೆಳೆ ಒಣಗದ ಹಾಗೆ ಒಂದೆರಡು ಸಲ ನೀರು ಕಟ್ಟುವುದು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಸಾಕಾಗುವಷ್ಟು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅನ್ನುವುದನ್ನೂ ಕಾಗದದ ಮೇಲೆ ಗೊತ್ತು ಮಾಡಿದ್ದರು. ಭತ್ತಕ್ಕೆ ಅನುಮತಿ ಇದ್ದದ್ದು ಸಣ್ಣ ಭಾಗಕ್ಕೆ ಮಾತ್ರ. ಬೇಕಾದಷ್ಟು ನೀರು ಸಿಗಲ್ಲ ಅಂತ ತಿಳಿದೇ ಮಾಡಿದ ಏರ್ಪಾಡು ಅದು.

ಹೊಲದಲ್ಲಿ ನಡೆದದ್ದು ಬೇರೆ. ಮಳೆ ನಂಬಿ ಬೇಸಾಯ ಮಾಡಿದ ಊರಿನ ರೈತರಿಗೆ ನೆಲ ಸಮ ಮಾಡಿ ಮಡಿ ಕಟ್ಟುವಷ್ಟು ದುಡ್ಡು ಇರಲಿಲ್ಲ, ಅಭ್ಯಾಸವೂ ಇರಲಿಲ್ಲ. ಆಂಧ್ರದ ಕರಾವಳಿಯಿಂದ, ಕೃಷ್ಣಾ-ಗೋದಾವರಿ ಮುಖಜ ಭೂಮಿಯಿಂದ ಬಂದ ಕುಟುಂಬಗಳು ಹೊಲ ಕೊಂಡವು. ಅವರಿಗೆ ಭತ್ತ ಗೊತ್ತಿತ್ತು, ಸಾಲ ತರುವುದು ಗೊತ್ತಿತ್ತು, ಮೈಮುರಿದು ದುಡಿಯುವುದೂ ಗೊತ್ತಿತ್ತು. ಅವರು ಕಟ್ಟಿಕೊಂಡ ಊರುಗಳಿಗೆ ಇವತ್ತಿಗೂ ಕ್ಯಾಂಪ್ ಅನ್ನುತ್ತಾರೆ. ಅವರನ್ನು ನೋಡಿ ಊರಿನವರೂ ಭತ್ತಕ್ಕೆ ಇಳಿದರು. ಯಾರಾದರೂ ಇಳಿಯುತ್ತಿದ್ದರು. ಭತ್ತಕ್ಕೆ ಬೆಂಬಲ ಬೆಲೆ ಇತ್ತು, ಪಕ್ಕದಲ್ಲೇ ರೈಸ್ ಮಿಲ್ ಬಂದವು, ಸೋನಾ ಮಸೂರಿಗೆ ಪೇಟೆ ಇತ್ತು. ಜೋಳಕ್ಕೆ ಇವ್ಯಾವೂ ಇರಲಿಲ್ಲ. ಹಾಗಾಗಿ ಭತ್ತ ಬೆಳೆದ ರೈತನನ್ನು ದೂರುವುದು ಸುಲಭ, ನ್ಯಾಯ ಅಲ್ಲ. ಕಾಗದದಲ್ಲಿ ಜೋಳ ಬರೆದು, ಪೇಟೆಯಲ್ಲಿ ಭತ್ತಕ್ಕೆ ದುಡ್ಡು ಕೊಟ್ಟವರು ನಾವು.

ಈಗ ಮಣ್ಣಿನೊಳಗೆ ಏನಾಗುತ್ತದೆ ನೋಡೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಇಲ್ಲಿ ಅರ್ಥವಾಗದಿದ್ದರೆ ಮುಂದೆ ಮಾಡುವ ಪರಿಹಾರಗಳೆಲ್ಲ ಕೈಕೊಡುತ್ತವೆ.

ಎರೆ ಮಣ್ಣಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜೇಡಿಯೇ ಇರುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ನೀರು ಬಿದ್ದ ಕೂಡಲೇ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಒಮ್ಮೆ ನೆನೆದ ಮೇಲೆ ನೀರು ಕೆಳಗೆ ಇಳಿಯುವುದು ತುಂಬಾ ನಿಧಾನ. ಇಂಥ ನೆಲದಲ್ಲಿ ವರ್ಷಕ್ಕೆ ಎರಡು ಸಲ, ತಿಂಗಳುಗಟ್ಟಲೆ ನೀರು ನಿಲ್ಲಿಸಿ ಭತ್ತ ಬೆಳೆದೆವು. ಮೇಲಿನಿಂದ ಕಾಲುವೆಯ ಸೋರಿಕೆಯೂ ಸೇರಿತು. ನೀರು ನಿಧಾನವಾಗಿ ಇಳಿದರೂ ಇಳಿಯುತ್ತಲೇ ಇತ್ತು. ಆದರೆ ಅಲ್ಲಿಂದ ಪಕ್ಕಕ್ಕೆ ಹರಿದು ಹಳ್ಳ ಸೇರಬೇಕಲ್ಲ? ನೆಲ ಸಪಾಟು, ಜೇಡಿ ಬಿಗಿ. ಬಂದಷ್ಟು ನೀರು ಹೋಗಲಿಲ್ಲ. ಆಳದಲ್ಲಿದ್ದ ಅಂತರ್ಜಲ ಏರುತ್ತಾ ಏರುತ್ತಾ ಬೇರಿನ ಹತ್ತಿರ ಬಂತು. ಇದು ಜವಳು. ಬೇರಿಗೆ ಗಾಳಿ ಇಲ್ಲ. ಹತ್ತಿ, ಮೆಣಸಿನಕಾಯಿ ಹಾಕಿದರೆ ಹಳದಿಯಾಗಿ ಕುಗ್ಗುತ್ತವೆ.

ಸವಳು ಇದರ ಬೆನ್ನಿಗೇ ಬರುತ್ತದೆ. ಅಂತರ್ಜಲ ಒಂದೂವರೆ ಮೀಟರಿನೊಳಗೆ ಬಂತು ಅಂದರೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತದೆ. ನೀರು ಆವಿಯಾಗುತ್ತದೆ. ಅದರಲ್ಲಿದ್ದ ಉಪ್ಪು ಮಾತ್ರ ಮೇಲೆ ಉಳಿಯುತ್ತದೆ.

ಉಪ್ಪು ಎಲ್ಲಿಂದ ಬಂತು, ನಾವು ಹಾಕಿದ್ದು ಸಿಹಿನೀರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಒಂದು ಲೆಕ್ಕ ಮಾಡೋಣ. ಲೀಟರಿಗೆ ಕಾಲು ಗ್ರಾಂ ಉಪ್ಪಿರುವ ನೀರು ಅಂತ ಇಟ್ಟುಕೊಳ್ಳಿ. ಕುಡಿದರೆ ಸಿಹಿನೀರೇ, ನಾಲಿಗೆಗೆ ಏನೂ ಗೊತ್ತಾಗುವುದಿಲ್ಲ. ಭತ್ತದ ಒಂದು ಬೆಳೆಗೆ ಒಂದು ಮೀಟರ್ ಎತ್ತರದಷ್ಟು ನೀರು ಅಂತ ಹಿಡಿಯಿರಿ. ಒಂದು ಎಕರೆಗೆ ಸುಮಾರು 40 ಲಕ್ಷ ಲೀಟರ್ ಆಯಿತು. ಅದರಲ್ಲಿ ಬಂದ ಉಪ್ಪು 1,000 ಕಿಲೋ. ಒಂದು ಬೆಳೆಗೆ, ಒಂದು ಎಕರೆಗೆ ಹತ್ತು ಕ್ವಿಂಟಲ್. ಎರಡು ಬೆಳೆಗೆ ಇಪ್ಪತ್ತು. ನೀರು ಹೊರಗೆ ಬಸಿದು ಹೋಗುವ ಜಾಗದಲ್ಲಿ ಈ ಉಪ್ಪು ನೀರಿನ ಜೊತೆಗೇ ಹೋಗುತ್ತದೆ. ಬಸಿಯದ ಕಡೆ ಅಲ್ಲೇ ಉಳಿಯುತ್ತದೆ. ಇದರ ಜೊತೆಗೆ ಎರೆ ಮಣ್ಣಿನ ಕೆಳಪದರಗಳಲ್ಲಿ ಮೊದಲಿಂದಲೂ ಇದ್ದ ಉಪ್ಪು ಬೇರೆ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಅದು ಆಳದಲ್ಲಿ ಸುಮ್ನೆ ಬಿದ್ದಿತ್ತು. ನೀರು ಏರಿ ಅದನ್ನೂ ಮೇಲಕ್ಕೆ ತಂದಿತು.

ಹೊಲದಲ್ಲಿ ಇದು ಹೇಗೆ ಕಾಣುತ್ತದೆ ಗೊತ್ತಾ? ಒಂದೇ ಸಲ ಇಡೀ ಹೊಲ ಕೆಡುವುದಿಲ್ಲ. ಮೊದಲು ಬದುವಿನ ನೆತ್ತಿ ಬೆಳ್ಳಗಾಗುತ್ತದೆ. ಮಡಿಯಲ್ಲಿ ನೀರಿದ್ದಾಗಲೂ ಬದು ಎತ್ತರದಲ್ಲಿ ಒಣಗುತ್ತಿರುತ್ತದಲ್ಲ, ಉಪ್ಪು ಅಲ್ಲಿ ಸೇರುತ್ತದೆ. ಆಮೇಲೆ ಹೊಲದ ತಗ್ಗು ಮೂಲೆಯಲ್ಲಿ ಒಂದು ಹಾಸಿಗೆಯಷ್ಟು ಜಾಗದಲ್ಲಿ ಸಸಿ ಹಿಡಿಯುವುದಿಲ್ಲ. ಎಲೆಯ ತುದಿ ಸುಟ್ಟ ಹಾಗಿರುತ್ತದೆ. ರೈತ ಸಸಿ ಕೆಟ್ಟಿದ್ದು ಅಂದುಕೊಂಡು ಮತ್ತೆ ನಾಟಿ ಮಾಡಿಸುತ್ತಾನೆ. ಯೂರಿಯಾ ಜಾಸ್ತಿ ಹಾಕುತ್ತಾನೆ. ಮುಂದಿನ ವರ್ಷ ಆ ಜಾಗ ದೊಡ್ಡದಾಗುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ನಡೆದರೆ ಕಾಲಡಿ ತೆಳ್ಳಗಿನ ಬಿಳಿ ಪದರ ಮುರಿಯುತ್ತದೆ. ಕಡೆಗೆ ಜೇಕು, ಗರಿಕೆ, ಬಳ್ಳಾರಿ ಜಾಲಿ. ಅಂಥ ಒಂದು ಹೊಲದ ಬದುವಿನ ಮೇಲೆ ನಿಂತು ಒಬ್ಬ ಹಿರಿಯ ರೈತ ಹೇಳಿದರು: "ಸರ, ಮೊದ್ಲ ಈ ಹೊಲದಾಗ ಜ್ವಾಳ ಆಳೆತ್ರ ಬರ್ತಿತ್ತು. ಈಗ ಜಾಲಿ ಬಿಟ್ರ ಏನೂ ಬರಂಗಿಲ್ಲ. ನೀರು ಕೊಟ್ಟು ಹೊಲ ಕಸಗೊಂಡ್ರು." ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಿ, ಈಗ ಲೋಟ ನೋಡೋಣ. ಮುಂದಿನ ಸಾಲಿನವರಿಗೆ ಕಾಣುತ್ತಿದೆಯಾ? ಎರಡೂ ಹೆಂಟೆ ಬಿರಿದಿವೆ. ಒಳ್ಳೆಯ ಹೊಲದ್ದು ಪುಡಿಯಾಗಿ ತಳದಲ್ಲಿ ಕೂತಿದೆ, ಮೇಲಿನ ನೀರು ತಿಳಿಯಾಗಿದೆ. ಬೀಳು ಹೊಲದ್ದು ನೋಡಿ. ಕಲಕಿಲ್ಲ, ಅಲ್ಲಾಡಿಸಿಲ್ಲ, ಆದರೂ ನೀರೆಲ್ಲ ಮಬ್ಬು. ಲೋಟದ ಹಿಂದೆ ಬೆರಳು ಇಟ್ಟಿದ್ದೇನೆ, ಕಾಣುತ್ತಿಲ್ಲ. ನಾಳೆ ಬೆಳಿಗ್ಗೆ ನೋಡಿದರೂ ಇದು ತಿಳಿಯಾಗುವುದಿಲ್ಲ.

ಇದು ಉಪ್ಪಿನಲ್ಲಿರುವ ಸೋಡಿಯಂ ಮಾಡುವ ಕೆಲಸ. ಮಣ್ಣಿನ ಕಣಗಳನ್ನು ಕ್ಯಾಲ್ಸಿಯಂ ಹತ್ತಿರ ಹಿಡಿದು ಹರಳು ಹರಳಾಗಿ ಇಡುತ್ತದೆ. ಆ ಜಾಗದಲ್ಲಿ ಸೋಡಿಯಂ ಬಂದು ಕೂತರೆ ಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ. ಚದುರಿದ ಕಣ ಹೋಗಿ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ನೀರೂ ಇಳಿಯಲ್ಲ, ಗಾಳಿಯೂ ಆಡಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು. ಅಂದರೆ ಸವಳಿನಲ್ಲಿ ಎರಡು ಬಗೆ ಇದೆ. ಒಂದು ಬರೀ ಉಪ್ಪು ಜಾಸ್ತಿ ಆದದ್ದು, ಮೇಲೆ ಬೆಳ್ಳಗೆ ಕಾಣುತ್ತದೆ. ಅದನ್ನು ನೀರು ಹಾಯಿಸಿ ತೊಳೆಯಬಹುದು. ಇನ್ನೊಂದು ಮಣ್ಣಿನ ರಚನೆಯೇ ಮುರಿದದ್ದು. ರಸಸಾರ (pH) 8.5 ದಾಟಿರುತ್ತದೆ, ಮೇಲೆ ಕಪ್ಪು ಕಲೆ ಕಾಣುತ್ತದೆ. ಅದನ್ನು ಬರೀ ನೀರಿನಿಂದ ತೊಳೆಯಲು ಹೋದರೆ ಇನ್ನೂ ಕೆಡುತ್ತದೆ. ಈ ಲೋಟದಲ್ಲಿ ಆದದ್ದೇ ಇಡೀ ಹೊಲದಲ್ಲಿ ಆಗುತ್ತದೆ.

ಮಣ್ಣು ಪರೀಕ್ಷೆಯ ಚೀಟಿ ಓದುವವರಿಗೆ ಒಂದು ಮಾತು. ವಿದ್ಯುತ್ ವಾಹಕತೆ, ಅಂದರೆ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ, 4 ದಾಟಿದರೆ ಸವಳು ಅಂತ ಪುಸ್ತಕದಲ್ಲಿ ಇರುತ್ತದೆ. ಆ 4 ಅನ್ನುವುದು ಮಣ್ಣನ್ನು ಸ್ವಲ್ಪವೇ ನೀರಲ್ಲಿ ಕಲಸಿ, ಅದರಿಂದ ತೆಗೆದ ರಸದ ಅಳತೆ. ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು, ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತಾರೆ. ತೆಳುವಾದ ನೀರು, ಹಾಗಾಗಿ ಅಂಕಿಯೂ ಸಣ್ಣದು. ಚೀಟಿಯಲ್ಲಿ 1.5 ಬಂದಿದೆ, 4ಕ್ಕಿಂತ ಕಡಿಮೆ ಇದೆ ಅಂತ ನಿಶ್ಚಿಂತೆಯಿಂದ ಕೂರಬೇಡಿ. ಯಾವ ವಿಧಾನದಲ್ಲಿ ಅಳೆದಿದ್ದಾರೆ ಅಂತ ಕೇಳಿ.

ಇನ್ನು ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಹೊಲ ಕೆಡುತ್ತಿದೆ ಅಂತ ಗೊತ್ತಾದ ಮೇಲೂ ರೈತ ಭತ್ತ ಯಾಕೆ ಬಿಡುವುದಿಲ್ಲ? ಊರ ಹೊರಗಿನವರು ಇದನ್ನು ದುರಾಸೆ ಅನ್ನುತ್ತಾರೆ. ಅಲ್ಲ. ನೀರು ನಿಂತಿರುವವರೆಗೆ ಮೇಲಿನ ಉಪ್ಪು ಸ್ವಲ್ಪ ಕೆಳಗೆ ತಳ್ಳಲ್ಪಟ್ಟಿರುತ್ತದೆ. ಭತ್ತದ ಬೇರಿಗೆ ನಿಂತ ನೀರಲ್ಲೂ ಬದುಕುವ ಶಕ್ತಿ ಇದೆ. ಹತ್ತಿ ಉಪ್ಪು ತಡೆಯುತ್ತದೆ ಸರಿ, ಆದರೆ ಜವಳು ತಡೆಯಲ್ಲ. ಹಾಗಾಗಿ ಅರ್ಧ ಕೆಟ್ಟ ಹೊಲದಲ್ಲಿ ಏನಾದರೂ ಬರುವುದಿದ್ದರೆ ಅದು ಭತ್ತ ಮಾತ್ರ. ಆ ಭತ್ತಕ್ಕೆ ನಿಲ್ಲಿಸಿದ ನೀರು ಅಂತರ್ಜಲವನ್ನು ಇನ್ನಷ್ಟು ಏರಿಸುತ್ತದೆ. ಪಕ್ಕದ ತಗ್ಗಿನ ಹೊಲವನ್ನೂ ಕೆಡಿಸುತ್ತದೆ. ಆ ಹೊಲದವನೂ ಭತ್ತಕ್ಕೇ ಬರುತ್ತಾನೆ. ಒಬ್ಬೊಬ್ಬರೂ ತಮ್ಮ ಹೊಲದ ಮಟ್ಟಿಗೆ ಸರಿಯಾದದ್ದನ್ನೇ ಮಾಡುತ್ತಾರೆ, ಊರು ಒಟ್ಟಾಗಿ ಮುಳುಗುತ್ತದೆ. ಇದರಿಂದ ಒಬ್ಬನೇ ಹೊರಬರಲು ಆಗುವುದಿಲ್ಲ. ನಾನು ಜೋಳ ಹಾಕುತ್ತೇನೆ ಅಂತ ಒಬ್ಬ ನಿರ್ಧಾರ ಮಾಡಿದರೆ ಸುತ್ತ ನಾಲ್ಕು ಕಡೆಯ ಭತ್ತದ ನೀರು ಅವನ ಹೊಲಕ್ಕೆ ಬಸಿದು ಬರುತ್ತದೆ.

ಇದೇ ನೀರಿನ ಇನ್ನೊಂದು ತುದಿಗೆ ಹೋಗೋಣ. ಎಡದಂಡೆ ನಾಲೆ 227 ಕಿಲೋಮೀಟರ್ ಉದ್ದ. ಮೇಲಿನವರು ಭತ್ತಕ್ಕೆ ನೀರು ಹಿಡಿದರೆ ಕೆಳಗೆ ಮಾನ್ವಿ, ರಾಯಚೂರಿನ ಕಡೆಗೆ ಹೋಗುವುದು ಎಷ್ಟು? ಮೈಲ್ 104ರ ನೀರಳೆಯುವ ಗೇಜಿನಲ್ಲಿ ಎಷ್ಟು ಅಡಿ ನೀರಿದೆ ಅನ್ನುವುದು ಅಲ್ಲಿ ದಿನದ ಸುದ್ದಿ. ಅದಕ್ಕಾಗಿ ಪ್ರತಿ ವರ್ಷ ರಸ್ತೆ ತಡೆ, ಧರಣಿ. ಒಂದೇ ಕಾಲುವೆ. ತಲೆಭಾಗದಲ್ಲಿ ನೀರು ಜಾಸ್ತಿಯಾಗಿ ಹೊಲ ಬೀಳು ಬಿದ್ದಿದೆ, ಕೊನೆಭಾಗದಲ್ಲಿ ನೀರಿಲ್ಲದೆ ಬೆಳೆ ಒಣಗಿದೆ. ಎರಡೂ ಕಡೆಯಿಂದ ಜನ ಬೆಂಗಳೂರಿಗೆ ಗುಳೆ ಬರುತ್ತಾರೆ. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದ ರಾಯಚೂರಿನವರನ್ನು ಮಾತಾಡಿಸಿ ನೋಡಿ, ನೀರಾವರಿ ತಾಲ್ಲೂಕಿನವರೂ ಸಿಗುತ್ತಾರೆ.

ಊರಿನೊಳಗೂ ಬದಲಾವಣೆ ಆಯಿತು. ಜೋಳ ಹೋದಾಗ ರೊಟ್ಟಿಯ ಜೊತೆ ದನದ ಮೇವೂ ಹೋಯಿತು. ಜೋಳದ ಕಣಿಕೆ ತಿಂದ ಎತ್ತು ಭತ್ತದ ಹುಲ್ಲಿಗೆ ಒಗ್ಗುವುದು ಕಷ್ಟ. ಎತ್ತು ಕಡಿಮೆಯಾದವು, ತಿಪ್ಪೆ ಸಣ್ಣದಾಯಿತು, ಹೊಲಕ್ಕೆ ಹೋಗುವ ಗೊಬ್ಬರ ನಿಂತಿತು. ಕಟಾವಿನ ಮಷಿನ್ ಬಂದ ಮೇಲೆ ಎಷ್ಟೋ ಕಡೆ ಹುಲ್ಲನ್ನೂ ಹೊಲದಲ್ಲೇ ಸುಡುತ್ತಾರೆ. ಮಣ್ಣಿಗೆ ಕಸಕಡ್ಡಿಯೇ ಸೇರದಿದ್ದರೆ ಅದು ಉಪ್ಪನ್ನು ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಊರ ಬಾವಿಗಳ ನೀರು ಉಪ್ಪಾಯಿತು. ಕುಡಿಯುವ ನೀರಿಗೂ ಕಾಲುವೆಯಿಂದ ತುಂಬಿಸಿದ ಕೆರೆಯೇ ಗತಿ.

ಹೊಲವನ್ನು ಲೀಸಿಗೆ ಕೊಡುವುದು ಅಲ್ಲಿ ಜಾಸ್ತಿ. ಎಕರೆಗೆ ಇಷ್ಟು ಚೀಲ ಭತ್ತ ಅಂತ ಮಾತು, ಚೀಲ ಅಂದರೆ 75 ಕಿಲೋ. ವರ್ಷ, ಎರಡು ವರ್ಷಕ್ಕೆ ಹೊಲ ಹಿಡಿದವನು ಹೆಚ್ಚಾದ ನೀರು ಹೊರಗೆ ಹೋಗುವ ಬಸಿಗಾಲುವೆ ತೋಡಿಸುತ್ತಾನಾ? ಹಸಿರೆಲೆ ಗೊಬ್ಬರ ಹಾಕುತ್ತಾನಾ? ಅವನಿಗೆ ಈ ಬೆಳೆಯಲ್ಲಿ ಚೀಲ ಅಳೆದು ಕೊಟ್ಟು ಮಿಕ್ಕಿದ್ದೇ ಬದುಕು. ಹೊಲದ ಮಾಲೀಕ ಪಟ್ಟಣದಲ್ಲಿ. ಮಣ್ಣಿನ ಬಗ್ಗೆ ಹತ್ತು ವರ್ಷ ಮುಂದೆ ಯೋಚನೆ ಮಾಡುವವರು ಯಾರೂ ಆ ಹೊಲದಲ್ಲಿ ಇಲ್ಲ. ಸವಳಿನ ಬಗ್ಗೆ ಎಷ್ಟೋ ವರದಿ ಓದಿದ್ದೇನೆ. ಲೀಸಿನ ಬಗ್ಗೆ ಅವುಗಳಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ನನಗೆ ಅದು ದೊಡ್ಡ ಕೊರತೆ ಅನ್ನಿಸುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಹಂಪಿಗೆ ಹೋದವರು ತುರ್ತು ಕಾಲುವೆ ನೋಡಿರುತ್ತೀರಿ. ವಿಜಯನಗರದ ಅರಸರ ಕಾಲದ್ದು, ಇವತ್ತಿಗೂ ಬಾಳೆ, ಭತ್ತಕ್ಕೆ ನೀರುಣಿಸುತ್ತದೆ. ಐನೂರು ವರ್ಷ ನೀರು ಹಾಯಿಸಿದ ನೆಲ ಹಾಳಾಗಿಲ್ಲ, ಎಪ್ಪತ್ತು ವರ್ಷದ್ದು ಹಾಳಾಯಿತು. ಹಿಂದಿನವರು ಜಾಣರು ಅಂತ ಹೇಳಿ ಸುಮ್ಮನಾಗಬಹುದು. ಆದರೆ ನೆಲ ನೋಡಿ. ಆ ಕಾಲುವೆಗಳು ನದಿಯ ಪಕ್ಕದಲ್ಲೇ ಹೋಗುತ್ತವೆ. ಹೊಲದಿಂದ ನದಿಗೆ ಇಳಿಜಾರು ಇದೆ. ಹೆಚ್ಚಾದ ನೀರು ತಾನಾಗಿ ವಾಪಸ್ ಹೊಳೆ ಸೇರುತ್ತದೆ. ಹೊಸ ಕಾಲುವೆ ಆ ನೀರನ್ನು ಹೊಳೆಯಿಂದ ಎಷ್ಟೋ ದೂರ, ಬಯಲಿನ ಎರೆ ಭೂಮಿಗೆ ಒಯ್ದಿತು. ಅಲ್ಲಿ ಹೊಳೆಯ ಇಳಿಜಾರು ಮಾಡುತ್ತಿದ್ದ ಕೆಲಸವನ್ನು ನಾವು ತೋಡಿದ ಬಸಿಗಾಲುವೆ ಮಾಡಬೇಕಿತ್ತು.

ಆಗ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಶ್ಚಿಮ ಯಮುನಾ ಕಾಲುವೆಯ ಕೆಳಗೆ, ಕರ್ನಾಲ್ ಹತ್ತಿರದ ಮುನಕ್ ಊರಿನ ರೈತರು ತಮ್ಮ ಹೊಲದಲ್ಲಿ ಉಪ್ಪು ಏಳುತ್ತಿದೆ ಅಂತ 1855ರಲ್ಲೇ ದೂರು ಕೊಟ್ಟಿದ್ದರು. ನಮ್ಮ ಪಕ್ಕದ ಬಾರಾಮತಿಯಲ್ಲಿ, ನೀರಾ ಕಾಲುವೆಯ ಕಬ್ಬಿನ ಎರೆ ಹೊಲಗಳು 20ನೇ ಶತಮಾನದ ಶುರುವಿನಲ್ಲೇ ಸವಳಾಗಿದ್ದವು. ತುಂಗಭದ್ರೆಗೆ ಅಡಿಗಲ್ಲು ಬೀಳುವಾಗ ಇವೆಲ್ಲ ಹಳೆಯ ಕಡತ. ಜೋಳಕ್ಕೆ ಕೊಡುವ ಸ್ವಲ್ಪ ನೀರಿಗೆ ಬಸಿಗಾಲುವೆ ಅಷ್ಟು ಬೇಕಾಗಲ್ಲ ಅಂದುಕೊಂಡಿದ್ದರೆ, ಆ ಲೆಕ್ಕ ಭತ್ತ ಬಂದ ದಿನವೇ ಸುಳ್ಳಾಯಿತು. ಆಮೇಲಾದರೂ ತಿದ್ದಿಕೊಳ್ಳಬಹುದಿತ್ತು.

ಜಲಾಶಯದ ಕಥೆಯೂ ಮಣ್ಣಿನದೇ. 1953ರಲ್ಲಿ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಲೆಕ್ಕಕ್ಕೆ ಸಿಗುವುದು 105.79 ಟಿಎಂಸಿ. ಐದರಲ್ಲಿ ಒಂದು ಪಾಲು ಜಾಗ ಹೂಳು ತುಂಬಿದೆ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಮೇಲಿನ ಜಿಲ್ಲೆಗಳ ಹೊಲ, ಗುಡ್ಡಗಳ ಮೇಲ್ಮಣ್ಣು ಅದು. ಅಲ್ಲಿ ಮಣ್ಣು ಕಳೆದುಕೊಂಡವರು ಒಬ್ಬರು, ಇಲ್ಲಿ ನೀರು ಕಳೆದುಕೊಂಡವರು ಇನ್ನೊಬ್ಬರು. ಇರಲಿ, ಅದರ ಬಗ್ಗೆ ಬೇರೆ ದಿನ ಮಾತಾಡಬೇಕು.

ಪರಿಹಾರ ಏನು ಅಂತ ಕೇಳುತ್ತೀರಿ. ಜಿಪ್ಸಂ ಎಲ್ಲರಿಗೂ ಗೊತ್ತು. ಜಿಪ್ಸಂನಲ್ಲಿ ಕ್ಯಾಲ್ಸಿಯಂ ಇದೆ. ಅದು ಹೋಗಿ ಮಣ್ಣಿನಲ್ಲಿ ಸೋಡಿಯಂ ಕೂತ ಜಾಗ ಹಿಡಿಯುತ್ತದೆ, ಸೋಡಿಯಂ ನೀರಿಗೆ ಬರುತ್ತದೆ. ಅಲ್ಲಿಗೆ ಅರ್ಧ ಕೆಲಸ ಆಯಿತು. ಆ ನೀರು ಹೊಲದಿಂದ ಹೊರಗೆ ಹೋಗಬೇಕು. ಹೋಗದಿದ್ದರೆ ಬಿಸಿಲು ಬಂದಾಗ ಅದೇ ಸೋಡಿಯಂ ಮತ್ತೆ ಮೇಲೆ ಬರುತ್ತದೆ. ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ಹೇರುವುದು ದುಡ್ಡು ಮಣ್ಣುಪಾಲು ಮಾಡಿದ ಹಾಗೆ. ಬರೀ ಉಪ್ಪಿನ ಸವಳಿಗೆ ಜಿಪ್ಸಂ ಬೇಕಾಗಿಯೂ ಇಲ್ಲ. ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಚೀಲ ಕೊಳ್ಳಿ.

ಡಯಾಂಚ, ಸೆಣಬಿನಂಥ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು ಒಳ್ಳೆಯದು. ಡಯಾಂಚ ಸವಳು ಮಣ್ಣಿನಲ್ಲೂ ಬರುತ್ತದೆ, ಬೇರು ಆಳಕ್ಕೆ ಹೋಗುತ್ತದೆ, ಕೊಳೆಯುವಾಗ ಮಣ್ಣಿನಲ್ಲಿರುವ ಸುಣ್ಣವನ್ನು ಕರಗಿಸಲು ನೆರವಾಗುತ್ತದೆ. ಕೂರಿಗೆ ಭತ್ತದ ಬಗ್ಗೆ ಸಿಂಧನೂರು, ಮಾನ್ವಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಕೆಸರು ಮಾಡದೆ, ಸಸಿ ಮಡಿ ಇಲ್ಲದೆ, ಕೂರಿಗೆಯಲ್ಲಿ ನೇರ ಬಿತ್ತುವುದು. ನೀರು ಗಣನೀಯವಾಗಿ ಉಳಿಯುತ್ತದೆ. ಕಳೆಯ ಕಾಟ ಜಾಸ್ತಿ, ನಿಜ. ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ನಾಟಿ ಮಾಡಿ ಕೂಲಿ ಪಡೆಯುವ ಹೆಣ್ಣುಮಕ್ಕಳ ಗುಂಪುಗಳಿಗೆ ಆ ಹಂಗಾಮಿನ ಕೆಲಸ ತಪ್ಪುತ್ತದೆ. ಮಣ್ಣಿಗೆ ಒಳ್ಳೆಯದಾದದ್ದರ ಖರ್ಚು ಅವರ ತಲೆಯ ಮೇಲೆ ಬೀಳಬಾರದು. ಬಸಿಗಾಲುವೆ ಹೂಳು ತೆಗೆಯುವ ಕೆಲಸವನ್ನು ಉದ್ಯೋಗ ಖಾತ್ರಿಯಂಥ ಕೂಲಿ ಯೋಜನೆಯಲ್ಲಿ ಅವರಿಗೇ ಕೊಡಬಹುದು. ಇದು ನನ್ನ ಸಲಹೆ.

ಆಳವಾಗಿ ಕೆಟ್ಟ ಹೊಲಕ್ಕೆ ನೆಲದೊಳಗಿನ ಬಸಿ ಪೈಪು ಬೇಕು. ಸಣ್ಣ ಸಣ್ಣ ತೂತಿರುವ ಪೈಪಿಗೆ ಬಟ್ಟೆ ಸುತ್ತಿ, ಒಂದು ಮೀಟರ್ ಆಳದಲ್ಲಿ ಸಾಲಾಗಿ ಹೂಳುತ್ತಾರೆ. ಅವೆಲ್ಲ ಒಂದು ದೊಡ್ಡ ಪೈಪಿಗೆ ಸೇರಿ ಹಳ್ಳಕ್ಕೆ ಹೋಗುತ್ತವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಬಗ್ಗೆ ಬಹಳ ಕಾಲದಿಂದ ಕೆಲಸ ಮಾಡಿದೆ. ಬೆಳಗಾವಿ ಜಿಲ್ಲೆಯ ಉಗಾರ ಬುದ್ರುಕದಲ್ಲಿ ಕಬ್ಬಿನ ರೈತರ ನೂರಾರು ಹೆಕ್ಟೇರ್ ಹೊಲಗಳಲ್ಲಿ ಇದನ್ನು ಒಟ್ಟಿಗೆ ಹಾಕಿದ್ದಾರೆ. ಒಟ್ಟಿಗೆ ಅನ್ನುವುದನ್ನು ಗಮನಿಸಿ. ಒಬ್ಬನ ಎರಡು ಎಕರೆಗೆ ಪೈಪು ಹಾಕಿದರೆ ಅದು ಸುತ್ತಲಿನವರ ನೀರನ್ನೆಲ್ಲ ಎಳೆಯುತ್ತಾ ಕೂರುತ್ತದೆ. ಪೈಪಿನ ಬಾಯಿಯನ್ನು ಯಾವಾಗಲೂ ತೆರೆದಿಟ್ಟರೆ ಹಾಕಿದ ಯೂರಿಯಾ ಕೂಡ ಬಸಿದು ಹೋಗುತ್ತದೆ. ಅದಕ್ಕೆ ಬಾಯಿ ಮುಚ್ಚಿ ತೆಗೆಯುವ ವ್ಯವಸ್ಥೆ ಬೇಕು. ಇನ್ನು, ಬಸಿದ ಆ ಉಪ್ಪುನೀರು ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಕೆಳಗಿನ ಊರಿನವರು ಅದೇ ಹೊಳೆಯ ನೀರು ಕುಡಿಯುತ್ತಾರೆ. ಅದನ್ನೂ ಅಳೆಯುವವರು ಇರಬೇಕು.

ಇಷ್ಟೆಲ್ಲ ಕೇಳಿ, ನಾಳೆ ಬೆಳಿಗ್ಗೆ ಏನು ಮಾಡಲಿ ಅಂತ ಯಾರಾದರೂ ಕೇಳಿದರೆ ಎರಡು ಕೆಲಸ ಹೇಳುತ್ತೇನೆ. ಎರಡಕ್ಕೂ ದೊಡ್ಡ ದುಡ್ಡು ಬೇಡ.

ಒಂದು, ಕಾಲುವೆಗೆ ನೀರು ಬಿಡದ ಬೇಸಿಗೆಯಲ್ಲಿ ಹೊಲದ ತಗ್ಗು ಮೂಲೆಯಲ್ಲಿ ಎರಡು ಮೀಟರ್ ಆಳದ ತೂತು ಹೊಡೆದು, ತೂತು ಮಾಡಿದ ಪೈಪು ಇಳಿಸಿ ಬಿಡಿ. ಹದಿನೈದು ದಿನಕ್ಕೊಮ್ಮೆ ಕೋಲು ಬಿಟ್ಟು ನೀರು ಎಷ್ಟು ಆಳದಲ್ಲಿದೆ ಬರೆದಿಡಿ. ಊರಿನಲ್ಲಿ ಹತ್ತು ಜನ ಹೀಗೆ ಬರೆದರೆ ಯಾವ ದಿಕ್ಕಿನಿಂದ ನೀರು ಏರುತ್ತಿದೆ ಅಂತ ಗೊತ್ತಾಗುತ್ತದೆ. ನೀರು ಬಳಕೆದಾರರ ಸಂಘದ ಸಭೆಯಲ್ಲಿ, ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಅಧಿಕಾರಿಗಳ ಮುಂದೆ ಇಡಲು ನಿಮ್ಮ ಕೈಯಲ್ಲಿ ಅಂಕಿ ಇರುತ್ತದೆ. ಮಣ್ಣಿನ ಮಾದರಿ ತೆಗೆಯುವಾಗ ಮೇಲಿನ ಒಂದು ಗೇಣಿಗೆ ನಿಲ್ಲಿಸಬೇಡಿ. ಮೂರು ಅಡಿಯವರೆಗೆ, ಅಡಿಗೊಂದು ಮಾದರಿ ಬೇರೆ ಬೇರೆ ಚೀಲದಲ್ಲಿ ಹಾಕಿ. ಉಪ್ಪು ಮೇಲೆ ಬರುತ್ತಿದೆಯಾ, ಕೆಳಗೆ ಹೋಗುತ್ತಿದೆಯಾ ಅನ್ನುವುದು ಆಗ ಮಾತ್ರ ತಿಳಿಯುತ್ತದೆ.

ಎರಡು, ಇರುವ ಬಸಿಗಾಲುವೆಗಳು. ಎಷ್ಟೋ ಕಡೆ ಅವು ಆಪು, ಜಾಲಿ ಬೆಳೆದು ಮುಚ್ಚಿವೆ. ಕೆಲವನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದಾರೆ. ಒತ್ತುವರಿ ಬಿಡಿಸುವುದು ಊರಿನ ಜಗಳ, ಅದು ನನಗೂ ಗೊತ್ತು. ಆದರೆ ನಕಾಶೆ ಇದೆ, ಸರ್ವೆ ಮಾಡಿಸಬಹುದು. ಹೂಳು ತೆಗೆಯುವಾಗ ತಮ್ಮ ಹೊಲದ ಪಕ್ಕದಿಂದ ಶುರು ಮಾಡುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದರೆ ಕೆಳಗೆ ಮುಚ್ಚಿದ್ದರಿಂದ ನೀರು ಅಲ್ಲೇ ನಿಂತು, ಕೆಳಗಿನವನ ಹೊಲಕ್ಕೆ ನುಗ್ಗುತ್ತದೆ. ಬಸಿಗಾಲುವೆ ಹಳ್ಳ ಸೇರುವ ಬಾಯಿ ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ, ಮೇಲಕ್ಕೆ ಬನ್ನಿ. ಕಾಲುವೆಗೆ ನೀರು ಬಿಡುವ ಮೊದಲು, ಮೇ ತಿಂಗಳಲ್ಲಿ ಆ ಕೆಲಸ ಮುಗಿಯಬೇಕು.